ಮಣ್ಣು ಹೊತ್ತವನ ಹದಿನೈದು ದಿನ

ಹಾಸನದ ನಮ್ಮ ಮನೆಯ ಜಗಲಿಗೆ ವಾರಕ್ಕೊಬ್ಬನಾದರೂ ಬರುತ್ತಾನೆ, ಕಂಕುಳಲ್ಲಿ ಪತ್ರದ ಸುರುಳಿ ಇಟ್ಟುಕೊಂಡು. ಒಂದು ಸೈಟು ನೋಡಿದ್ದೇನೆ, ಒಂದು ಹೊಲ ಬಂದಿದೆ, ತೆಗೆದುಕೊಳ್ಳಬಹುದೇ ಅಂತ ಕೇಳುತ್ತಾನೆ. ಹಾಸನದಲ್ಲಿ ನಾಲ್ಕು ಮನೆ, ಚನ್ನರಾಯಪಟ್ಟಣದಲ್ಲಿ ಅಂಗಡಿ ಸಾಲು, ಅರಕಲಗೂಡಿನ ಕಡೆ ಗದ್ದೆ ಮಾಡಿಕೊಂಡ ಮುದುಕ ನಾನು. ಆದ್ದರಿಂದ ನನಗೆ ಮಣ್ಣಿನ ಗುಟ್ಟು ಗೊತ್ತು ಅಂತ ಜನ ತಿಳಿದಿದ್ದಾರೆ. ಗೊತ್ತಿರುವುದು ನಿಜವೇ. ನನ್ನ ಎಡಗಡೆಯ ಎರಡು ಹಲ್ಲು ಆ ವಿದ್ಯೆಗೆ ಕೊಟ್ಟ ಗುರುದಕ್ಷಿಣೆ ಅಂತ ಹೇಳಿ ನಗಿಸುತ್ತೇನೆ. ನನ್ನ ಹಲ್ಲಿನ ಲೆಕ್ಕ ನಗುವಂಥದ್ದೇ. ಮುಂದಿನ ಲೆಕ್ಕ ನಗುವಂಥದ್ದಲ್ಲ.

ಬಂದವರಿಗೆ ಹೇಳುವ ಬುದ್ಧಿಮಾತನ್ನು ಇಲ್ಲೂ ಹೇಳುತ್ತೇನೆ. ಹೊಲವನ್ನು ಮಳೆಗಾಲದಲ್ಲಿ ನೋಡಬೇಡಿ. ಶ್ರಾವಣದಲ್ಲಿ ಬರೀ ಬಂಡೆಯೂ ಹಸಿರಾಗಿ ಕಾಣುತ್ತದೆ. ವೈಶಾಖದ ಸುಡುಬಿಸಿಲಿನಲ್ಲಿ ಹೋಗಿ, ಬಾವಿಗೆ ಒಂದು ಕಲ್ಲು ಎಸೆದು, ಎಷ್ಟು ಹೊತ್ತಿಗೆ ಸದ್ದು ಬರುತ್ತದೆ ಅಂತ ಕಿವಿಗೊಟ್ಟು ಕೇಳಿ. ಮಾರುವವನ ಜೊತೆ ಒಂದು ಸಲ ಹೋಗಿ, ಅವನಿಲ್ಲದೆ ಮೂರು ಸಲ ಹೋಗಿ. ಪಕ್ಕದ ಹೊಲದವನ ಜೊತೆ ಎಲೆಅಡಿಕೆ ಹಾಕಿಕೊಂಡು ಕೂತು ಅವನು ಮಾರುವವನನ್ನು ಎಷ್ಟು ಬೈಯುತ್ತಾನೆ ನೋಡಿ. ಬೈಯದೆ ಸುಮ್ಮನಿದ್ದರೆ ಆ ಹೊಲ ಬಿಡಿ. ಅಣ್ಣತಮ್ಮಂದಿರ ಪಾಲು ಆಗಿದೆಯೇ, ಎಲ್ಲರೂ ರುಜು ಹಾಕುತ್ತಾರೆಯೇ, ಎಲ್ಲೋ ತವರು ಸೇರಿರುವ ಅತ್ತಿಗೆಯ ಮಡಿಲಲ್ಲಿ ಒಂದು ಮಗು ಇದೆಯೇ, ಎಲ್ಲ ವಿಚಾರಿಸಿ. ಇಂದು ತೊಟ್ಟಿಲಲ್ಲಿರುವ ಕೂಸು ಇಪ್ಪತ್ತು ವರ್ಷ ಕಳೆದು ಮಚ್ಚು ಹಿಡಿದು ಬರುತ್ತದೆ. ಮನೆ ಕೊಳ್ಳುವುದಾದರೆ ಗೋಡೆಯ ಸುಣ್ಣ ನೋಡಬೇಡಿ, ಸೂರಿನ ನೀರು ಯಾರ ಅಂಗಳಕ್ಕೆ ಬೀಳುತ್ತದೆ ನೋಡಿ. ಇದೇ ಹಾಸನದಲ್ಲಿ ಸೂರಿನ ನೀರಿಗೆ ತಲೆ ಒಡೆದದ್ದನ್ನು ಮೂರು ಸಲ ಕಂಡಿದ್ದೇನೆ. ಒಂದು ಸಲವಂತೂ ಒಡೆದವನು ಅಳಿಯ, ಒಡೆಸಿಕೊಂಡವನು ಹೆಣ್ಣು ಕೊಟ್ಟ ಮಾವ.

ಇನ್ನೊಂದು ಮಾತು. ಮರವನ್ನು ಎಲ್ಲೆ ಅಂತ ಬರೆದ ಪತ್ರಕ್ಕೆ ರುಜು ಹಾಕಬೇಡಿ. ಅದನ್ನು ನನಗೆ ಹೇಳುವವರು ಇರಲಿಲ್ಲ. ಇದ್ದಿದ್ದರೂ ಇಪ್ಪತ್ತಮೂರು ವರ್ಷದ ನಾನು ಕೇಳುವ ಆಸಾಮಿ ಆಗಿರಲಿಲ್ಲ.

ಆಗ ನಮ್ಮದು ಚನ್ನರಾಯಪಟ್ಟಣದಲ್ಲಿ ಬೆಲ್ಲ, ಕೊಬ್ಬರಿಯ ಅಂಗಡಿ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಮೂರು ನಾಲ್ಕು ವರ್ಷವಿತ್ತು. ಅಪ್ಪ ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಗದ್ದುಗೆಯ ಮೇಲೆ ಕೂತರೆ ಊಟಕ್ಕಲ್ಲದೆ ಏಳುತ್ತಿರಲಿಲ್ಲ. ನನಗೆ ಆ ಕೂತ ಬದುಕು ಸಾಕಾಗಿತ್ತು. ಬೆಲ್ಲ ಕರಗುತ್ತದೆ, ಕೊಬ್ಬರಿಗೆ ಹುಳ ಬೀಳುತ್ತದೆ, ಭೂಮಿ ಮಾತ್ರ ಇಟ್ಟಲ್ಲೇ ಬೆಳೆಯುತ್ತದೆ ಅಂತ ವಾದ ಹೂಡಿದೆ.

"ಮಣ್ಣು ನಮ್ಮಂತೋರ್ ಮಾತು ಕೇಳಲ್ಲ ಕಣ್ಲಾ," ಅಂದರು ಅಪ್ಪ. "ತಕ್ಕಡಿ ಇಡ್ಯೋ ಕೈಗೆ ಅದು ಒಗ್ಗಲ್ಲ. ನಿಂಗೆ ಸಿಟ್ಟು ಬ್ಯಾರೆ ಮೂಗಿನ್ ಮ್ಯಾಲೈತೆ. ಸಿಟ್ಟಿರೋನು ಬೆಲ್ಲ ಮಾರ್ಬೋದು, ಒಲ ಮಾಡ್ಬಾರ್ದು."

ಕೇಳಲಿಲ್ಲ. ಅರಕಲಗೂಡಿನಿಂದ ಬಂದ ಹೊಸ ಹೆಂಡತಿ ತನ್ನ ತವರಿನ ಚಿನ್ನದ ಡಾಬನ್ನು ಬಿಚ್ಚಿ ಕೈಗೆ ಕೊಟ್ಟಳು. ಕೊಡುವಾಗ ಅವಳ ಮುಖ ನಾನು ನೋಡಲಿಲ್ಲ, ಡಾಬನ್ನೇ ನೋಡಿದೆ.

ಹೊಳೆನರಸೀಪುರದ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿಯ ಒಬ್ಬ ಮುದುಕ ಹೊಲ ಮಾರಿ ಹಾಸನದಲ್ಲಿದ್ದ ಮಗಳ ಮನೆ ಸೇರುವವನಿದ್ದ. ನಾಲ್ಕು ಎಕರೆ ಕೆಮ್ಮಣ್ಣು, ಇಪ್ಪತ್ತು ತೆಂಗು, ಮೂಡಲ ಅಂಚಿನಲ್ಲಿ ಕಲ್ಲುಕಟ್ಟಡದ ಒಂದು ಬಾವಿ. ಬೇಸಗೆಯಲ್ಲೂ ಮೊಣಕಾಲುದ್ದ ನೀರು ನಿಲ್ಲುತ್ತಿದ್ದ ಬಾವಿ. ಬಾವಿಯಿದ್ದರೆ ಅದು ತೋಟ, ಇಲ್ಲದಿದ್ದರೆ ಹುರುಳಿ ಚೆಲ್ಲುವ ಬೀಳು. ನಾನು ಹಣ ಕೊಟ್ಟದ್ದು ಬಾವಿಗೆ. ಪತ್ರದಲ್ಲಿ ಮೂಡಲ ಎಲ್ಲೆ ಅಂತ ಬರೆಸಿದ್ದು ಹುಣಸೆಮರವನ್ನು. ಮರದಿಂದ ಆರು ಮಾರು ಈಚೆಗೆ ಬಾವಿ. ಮರದಿಂದ ಆಚೆಗೆ ಊರಿನ ದೊಡ್ಡ ಒಕ್ಕಲಿನ ಗೌಡರ ಹೊಲ. ಏಳು ತಲೆಮಾರಿನಿಂದ ಆ ಊರಿನಲ್ಲಿ ಬೇರು ಬಿಟ್ಟ ಮನೆ, ಮೂವರು ಗಂಡುಮಕ್ಕಳು, ಒಬ್ಬೊಬ್ಬನೂ ಬಾಗಿಲಿನಷ್ಟು ಅಗಲ. ಆ ಹುಣಸೆಮರವನ್ನು ನೋಡಿ, ಇದಕ್ಕಿಂತ ಗಟ್ಟಿ ಎಲ್ಲೆ ಬೇಕೇ, ಇಬ್ಬರು ತಬ್ಬಿದರೂ ಕೈ ಕೂಡುವುದಿಲ್ಲ ಅಂತ ನಾನೇ ಬರಹಗಾರನಿಗೆ ಹೇಳಿದೆ.

ಹೊಳೆನರಸೀಪುರದ ಕಚೇರಿಯಲ್ಲಿ ನೋಂದಣಿ ಆಯಿತು. ಹತ್ತನೆಯ ದಿನ ಇಬ್ಬರು ಆಳು, ಒಂದು ಜೊತೆ ಎತ್ತು, ನೇಗಿಲು ಹೊಂದಿಸಿಕೊಂಡು ಮೊದಲ ಸಾಲು ಹೂಡಲು ಹೋದೆ. ಹುಣಸೆಮರ ಇರಲಿಲ್ಲ. ಕಡಿದು ಹಾಕಿದ್ದರೆ ಬೊಡ್ಡೆಯಾದರೂ ಉಳಿಯಬೇಕಲ್ಲ, ಬೇರು ಸಮೇತ ಅಗೆದು, ಗುಂಡಿ ಮುಚ್ಚಿ, ಮೇಲೆ ಉತ್ತು, ರಾಗಿ ಚೆಲ್ಲಿಬಿಟ್ಟಿದ್ದರು. ಬಾವಿಯಿಂದ ಈಚೆಗೆ, ನನ್ನ ಹೊಲದೊಳಗೆ, ಹೊಸದಾಗಿ ಕತ್ತಾಳೆ ಬೇಲಿ ಎದ್ದಿತ್ತು. ಬಾವಿಯ ಕಟ್ಟೆಯ ಮೇಲೆ ಗೌಡರ ಹಿರಿಮಗ ಕಾಲು ಇಳಿಬಿಟ್ಟು ಕೂತಿದ್ದ.

"ಮರ ಎಲ್ಲಿ?" ಅಂದೆ.

"ಯಾವ್ ಮರ ಸಾವ್ಕಾರ್ರೇ? ಇಲ್ಯಾವತ್ತೂ ಮರ ಇರ್ನಿಲ್ಲ."

ಅಪ್ಪ ಹೇಳಿದ್ದ ಸಿಟ್ಟು ಮೂಗಿನಿಂದ ಕೈಗೆ ಇಳಿಯಿತು. ಅವನ ಕುತ್ತಿಗೆ ಹಿಡಿದು ಕಟ್ಟೆಯಿಂದ ಎಳೆದೆ. ಅವನು ಬಿದ್ದ, ನಾನೂ ಅವನ ಮೇಲೆ ಬಿದ್ದೆ. ಒಂದೆರಡು ಗುದ್ದು ಹಾಕಿದ ಸುಖ ಇನ್ನೂ ನೆನಪಿದೆ. ಅಷ್ಟರಲ್ಲಿ ಉಳಿದಿಬ್ಬರು ಬಂದರು. ಗುದ್ದಲಿಯ ಕಾವು ನನ್ನ ಕೆನ್ನೆಗೆ ಬಿತ್ತು. ಬಾಯಿತುಂಬ ಉಪ್ಪು ರಕ್ತ, ನಾಲಿಗೆಯ ಮೇಲೆ ಕಲ್ಲಿನ ಚೂರು ಇದ್ದ ಹಾಗೆ. ಉಗಿದು ನೋಡಿದರೆ ಎರಡು ಹಲ್ಲು. ನನ್ನ ಆಳುಗಳಲ್ಲಿ ಒಬ್ಬನ ಮುಂಗೈಯನ್ನು ತುಳಿದು ಮುರಿದರು. ಅವನು ಕೂಗಿದ ಕೂಗಿಗೆ ಎತ್ತುಗಳು ಬೆದರಿ ನೊಗ ಕಿತ್ತುಕೊಂಡು ಓಡಿದವು. ನನ್ನ ಹೊಸ ನೇಗಿಲನ್ನು ಇಬ್ಬರು ಎತ್ತಿ ಬಾವಿಗೆ ಎಸೆದರು. ಅದು ನೀರಿಗೆ ಬಿದ್ದ ಸದ್ದು ಕೇಳಿ, ಒಳ್ಳೆಯ ನೀರಿದೆ ಅಂತ ನನಗೆ ಅನ್ನಿಸಿತು. ಹಲ್ಲು ಉದುರಿದ ಮೇಲೂ ಅನ್ನಿಸಿತು.

ಊರಿನ ಪಟೇಲರು ಸಮಾಧಾನದ ಮನುಷ್ಯ. ನನ್ನ ಬಾಯಿಗೆ ಅರಿಸಿನ ಮೆತ್ತಿಸಿ, ಕೂರಿಸಿ ಹೇಳಿದರು.

"ಕೋರ್ಟಿಗೆ ಓದ್ರೆ ತೀರ್ಪು ನಿಮ್ ಮೊಮ್ಮಗ ಕೇಳ್ತಾನೆ. ನಮ್ಮೂರ್ನಲ್ಲಿ ಒಂದ್ ಪದ್ಧತಿ ಐತೆ. ಕುಳವಾಡಿ ತಲೆ ಮ್ಯಾಲೆ ಮಣ್ಣು ಒರ್ಸಣ. ಅವನು ನಡ್ದಿದ್ದೇ ಎಲ್ಲೆ. ಎರಡು ಕಡೇರೂ ಒಪ್ತೀರಾ?"

ಗೌಡರು ಒಪ್ಪಿದರು. ನಾನೂ ಒಪ್ಪಿದೆ.

ಕುಳವಾಡಿ ಅಂದರೆ ಊರಾಚೆಯ ಕೇರಿಯವನು. ಊರಿನ ಎಲ್ಲೆಗಳೆಲ್ಲ ಅವನ ತಲೆಯಲ್ಲಿ. ಅವನಪ್ಪನಿಗೆ ಅವನ ಅಜ್ಜ ತೋರಿಸಿದ, ಇವನಿಗೆ ಅವನಪ್ಪ ತೋರಿಸಿದ. ಯಾವ ಬದು ಎಲ್ಲಿ ತಿರುಗುತ್ತದೆ, ಯಾವ ಕಲ್ಲು ಯಾರು ನೆಟ್ಟದ್ದು, ಎಲ್ಲವೂ ಗೊತ್ತು. ಅವನಿಗೆ ಸ್ವಂತದ್ದು ಒಂದು ಗೇಣು ಹೊಲವಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಒಂದು ಪಾಲು ರಾಗಿ ಬರುತ್ತದೆ, ಅದೇ ಜೀವನ. ಎಲ್ಲೆಯ ಜಗಳ ಹತ್ತಿದಾಗ ಅವನು ಉಪವಾಸವಿದ್ದು, ಮಿಂದು, ಒದ್ದೆ ಬಟ್ಟೆಯಲ್ಲಿ, ಅದೇ ಹೊಲದ ಮಣ್ಣು ಕಲಸಿದ ಮುದ್ದೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯ ಉದ್ದಕ್ಕೂ ನಡೆಯಬೇಕು. ಸುಳ್ಳು ನಡೆದರೆ ಹದಿನೈದು ದಿನದೊಳಗೆ ಆ ಮಣ್ಣೇ ಅವನನ್ನು ತಿನ್ನುತ್ತದೆ ಅನ್ನುವುದು ನಂಬಿಕೆ. ಆದ್ದರಿಂದ ಹದಿನೈದು ದಿನ ಕಳೆಯುವ ತನಕ ತೀರ್ಪು ಗಟ್ಟಿಯಾಗುವುದಿಲ್ಲ. ಹದಿನಾರನೆಯ ಬೆಳಿಗ್ಗೆ ಅವನು ಎದ್ದು ಓಡಾಡುತ್ತಿದ್ದರೆ ಎಲ್ಲೆ ನಿಜ.

ಗೌಡರು ಏಕೆ ಅಷ್ಟು ಸುಲಭವಾಗಿ ಒಪ್ಪಿದರು ಅನ್ನುವುದು ನನ್ನ ತಲೆ ಕೊರೆಯತೊಡಗಿತು. ಅವರ ಕಣದ ರಾಗಿ ತಿಂದು ಬೆಳೆದವನು ಅವನು. ಎಷ್ಟಾದರೂ ನಾನು ಅಂಗಡಿಯವನ ಮಗ. ಕಣ್ಣಿಗೆ ಬಿದ್ದ ಯಾವುದಕ್ಕೂ ಬೆಲೆ ಇರುತ್ತದೆ, ಆ ಬೆಲೆಯನ್ನು ಗೌಡರು ಆಗಲೇ ಕೊಟ್ಟಿದ್ದಾರೆ ಅಂತಲೇ ನನಗೆ ತೋಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಕೊಳ್ಳಬೇಕು ಅಂತ ಯೋಚಿಸಿದವನು ನಾನು, ಕೊಂಡವರು ಅವರು ಅಂತ ತೀರ್ಮಾನಿಸಿದವನೂ ನಾನೇ.

ಮಣ್ಣು ಹೊರುವ ಹಿಂದಿನ ದಿನ ಮಧ್ಯಾಹ್ನ ಗಾಡಿ ಹೂಡಿಕೊಂಡು ಒಬ್ಬನೇ ಹೋದೆ. ಊರಾಚೆ ಕೆರೆಯ ಕೋಡಿಯ ಹತ್ತಿರ ಅವನು ಕೊಳೆತ ಕತ್ತಾಳೆಯನ್ನು ಕಲ್ಲಿನ ಮೇಲೆ ಬಡಿದು ನಾರು ತೆಗೆಯುತ್ತಿದ್ದ. ಅವನ ಹೆಂಡತಿ ನಾರನ್ನು ನೀರಿನಲ್ಲಿ ಜಾಲಿಸುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ. ಐವತ್ತರ ಹತ್ತಿರದ, ಸಣ್ಣ ಮೈಯ ಮನುಷ್ಯ.

"ನಾಳೆ ಎಲ್ಲಿ ನಡೀತೀಯ?" ಅಂತ ನೇರವಾಗಿ ಕೇಳಿದೆ.

"ಎಲ್ಲೆ ಎಲ್ಲೈತೋ ಅಲ್ಲಿ ನಡೀತೀನಿ ಬುದ್ದಿ."

"ಅದು ಎಲ್ಲಿದೆ ಅಂತಲೇ ಕೇಳ್ತಿರೋದು."

"ಅದ್ನ ಮದ್ಲೇ ಏಳಂಗಿಲ್ಲ ಬುದ್ದಿ. ಏಳ್ಬುಟ್ರೆ ಆಮ್ಯಾಕೆ ಮಣ್ಣು ಒರಾಕಾಗಕಿಲ್ಲ."

ಗಾಡಿಯಿಂದ ಒಂದು ಜೊತೆ ಪಂಚೆ, ಒಂದು ಸೀರೆ, ನಾಲ್ಕು ಅಚ್ಚು ಬೆಲ್ಲ ಇಳಿಸಿ ಅವನ ಮುಂದೆ ಇಟ್ಟೆ. ಅವನು ಬಗ್ಗಿ, ಬೆಲ್ಲದ ಮೇಲೆ ಕೂತ ನೊಣವನ್ನು ಓಡಿಸಿ, ಎಲ್ಲವನ್ನೂ ಮೆಲ್ಲಗೆ ನನ್ನ ಕಾಲಿನ ಕಡೆಗೆ ಸರಿಸಿದ.

"ಬ್ಯಾಡಿ ಬುದ್ದಿ. ತಗಂಡ್ರೆ ತಪ್ಪಾಯ್ತದೆ."

ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಆದರೆ ನನಗೆ ಅನ್ನಿಸಿದ್ದು, ಇವನು ಗೌಡರ ಕೈಯಲ್ಲಿ ತಿಂದಿದ್ದಾನೆ, ಹೊಟ್ಟೆ ತುಂಬಿದೆ, ಅದಕ್ಕೇ ನನ್ನ ಬೆಲ್ಲ ಬೇಡ. ಕೇರಿಯವನೊಬ್ಬ ನನ್ನ ಕೈಯ ವಸ್ತುವನ್ನು ಬೇಡ ಅಂದನಲ್ಲ ಅನ್ನುವ ಉರಿಯೂ ಅದರಲ್ಲಿತ್ತು. ಈಗ ಮುಚ್ಚಿಟ್ಟು ಏನು ಪ್ರಯೋಜನ. ಕೈಯಲ್ಲಿ ಎತ್ತಿನ ಬಾರುಕೋಲು ಇತ್ತು. ಅದರ ಬುಡದ ಕಡೆಯಿಂದ ಹೊಡೆದೆ. ಮೊದಲ ಏಟು ಹೆಗಲಿಗೆ. ಅವನು ಕೈ ಅಡ್ಡ ತರಲಿಲ್ಲ. ಅಡ್ಡ ತಂದಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆನೋ ಏನೋ. ಎರಡನೆಯದು ಬೆನ್ನಿಗೆ. ಮೂರನೆಯದು ಎಡಗಿವಿಯ ಹಿಂದೆ, ತಲೆಗೆ. ಆ ಸದ್ದು ತೆಂಗಿನಕಾಯಿ ನೆಲಕ್ಕೆ ಬಿದ್ದ ಹಾಗೆ ಇತ್ತು, ಒಡೆಯದೆ ಬಿದ್ದ ಹಾಗೆ. ಅವನು ನಾರಿನ ರಾಶಿಯ ಮೇಲೆ ಕುಸಿದ.

ಹೆಂಡತಿ ಕೂಗಲಿಲ್ಲ. ಓಡಿ ಬಂದು ಸೆರಗು ನೀರಿಗೆ ಅದ್ದಿ ಅವನ ತಲೆಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಕೂತ. ಕಣ್ಣು ಎರಡು ಸಲ ಮಿಟುಕಿಸಿದ.

"ಆಯ್ತಲ್ಲ ಬುದ್ದಿ, ಓಗಿ. ನಾಳೀಕೆ ಒತ್ತಾರೆ ಬನ್ನಿ," ಅಂದ.

ಮರುದಿನ ಊರಿಗೆ ಊರೇ ಸೇರಿತ್ತು. ಅವನು ಕೆರೆಯಲ್ಲಿ ಮಿಂದು ನಡುಗುತ್ತ ಬಂದ. ಒದ್ದೆ ಬಟ್ಟೆಯ ಸಿಂಬೆ ಸುತ್ತಿ ತಲೆಗೆ ಇಟ್ಟುಕೊಂಡಿದ್ದ. ಏಟಿನ ಬಾವು ಅದರ ಅಡಿಯಲ್ಲಿ ಮುಚ್ಚಿಹೋಗಿತ್ತು. ಮುದ್ದೆಯನ್ನು ತಾನೇ ಕಲಸಿ, ತಾನೇ ಎತ್ತಿ ಇಟ್ಟುಕೊಂಡ. ನೀರು ಬಸಿದು ಕೆಂಪು ಕೆಸರು ಕಿವಿಯ ಪಕ್ಕ ಇಳಿಯುತ್ತಿತ್ತು. ಅದರಲ್ಲಿ ಎಷ್ಟು ಮಣ್ಣು, ಎಷ್ಟು ರಕ್ತ ಅಂತ ನನಗೆ ಮತ್ತು ಅವನ ಹೆಂಡತಿಗೆ ಮಾತ್ರ ಸಂಶಯ. ಹೊಲದ ಬಡಗಣ ಮೂಲೆಯ ಎಲ್ಲೆಕಲ್ಲಿನಿಂದ ಹೊರಟ. ಒಂದು ಕಡೆ ಕಾಲು ತಡವರಿಸಿತು. ಮುದ್ದೆ ಬೀಳಲಿಲ್ಲ. ರಾಗಿ ಪೈರಿನ ನಡುವೆ ನಡೆದು, ಒಂದು ಜಾಗದಲ್ಲಿ ನಿಂತು, ಬಲಗಾಲಿನಿಂದ ನೆಲವನ್ನು ತಟ್ಟಿದ. ಹುಣಸೆಮರ ಇದ್ದ ಜಾಗ. ಅಲ್ಲಿಂದ ತೆಂಕಣಕ್ಕೆ ನೆಟ್ಟಗೆ ಹೋದ. ಬಾವಿ ಆರು ಮಾರು ನನ್ನ ಕಡೆಗೆ ಉಳಿಯಿತು.

ಗೌಡರ ಹಿರಿಮಗ ಕ್ಯಾಕರಿಸಿ ಉಗಿದು ಹೋದ. ನನಗೆ ಹಿಡಿಸಲಾರದಷ್ಟು ಖುಷಿ. ಎಂಥ ಖುಷಿ ಅಂತಲೂ ಹೇಳಬೇಕು. ನ್ಯಾಯ ಗೆದ್ದಿತು ಅಂತ ಅಲ್ಲ, ಏಟು ಕೆಲಸ ಮಾಡಿತು ಅಂತ. ಬೆಲ್ಲ ಮಾಡದ್ದನ್ನು ಬಾರುಕೋಲು ಮಾಡಿತು, ಮಣ್ಣಿನ ವ್ಯವಹಾರ ಅಂದರೆ ಇಷ್ಟೇ ಅಂತ ಚನ್ನರಾಯಪಟ್ಟಣದ ತನಕ ಗಾಡಿಯಲ್ಲಿ ಒಬ್ಬನೇ ಮೀಸೆ ತಿರುವಿಕೊಂಡು ಬಂದೆ. ಏಟು ಬೀಳದಿದ್ದರೂ ಅವನು ಅಲ್ಲಿಯೇ ನಡೆಯುತ್ತಿದ್ದ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬಾವಿಯ ಬಾಯಿಗೆ ಪಟೇಲರು ಜಾಲಿಮುಳ್ಳು ಹಾಕಿಸಿದರು. ಹದಿನೈದು ದಿನ ಯಾರೂ ನೀರು ಸೇದುವಂತಿಲ್ಲ. ನಾನು ಊರಿಗೂ ಪಟ್ಟಣಕ್ಕೂ ಓಡಾಡಿಕೊಂಡು ದಿನ ಎಣಿಸಿದೆ. ನಾಲ್ಕನೆಯ ದಿನ ಕುಳವಾಡಿ ಕೆಲಸಕ್ಕೆ ಬಂದಿಲ್ಲ ಅಂತ ಸುದ್ದಿ ಬಂತು. ಐದನೆಯ ದಿನ ವಾಂತಿಯಂತೆ. ಊರಿನಲ್ಲಿ ಪಿಸುಮಾತು ಎದ್ದಿತು. ಆರನೆಯ ದಿನ ನಾನು ಕೇರಿಗೆ ಹೋದೆ. ಒಳಗೆ ಹೋಗಲಿಲ್ಲ, ನಮ್ಮವರು ಹೋಗುತ್ತಿರಲಿಲ್ಲ. ಗುಡಿಸಲಿನ ಮುಂದೆ ನಿಂತೆ. ಹೆಂಡತಿ ಬಾಗಿಲಿಗೆ ಬಂದಳು.

"ಕಿವೀಲಿ ನೀರ್ನಂಗೆ ಇಳೀತದೆ ಬುದ್ದಿ. ತಲೆ ಎತ್ತಾಕಾಯ್ತಿಲ್ಲ."

"ಗಾಡಿ ತಂದಿದೀನಿ. ಹಾಸನದ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ," ಅಂದೆ.

ಒಳಗಿನಿಂದ ಅವನ ದನಿ ಬಂತು, ಬಾವಿಯೊಳಗಿಂದ ಬಂದ ಹಾಗೆ. "ಬ್ಯಾಡಿ ಬುದ್ದಿ. ಅದಿನೈದು ದಿನ ನಾನು ಊರ್ನ ಎಲ್ಲೆ ದಾಟಂಗಿಲ್ಲ. ದಾಟಿದ್ರೆ ಎದ್ರಿಕಂಡು ಓಡೋದ ಅಂತಾರೆ. ನಾನು ನಡ್ದಿದ್ದು ಸುಳ್ಳಾಯ್ತದೆ."

ಇನ್ನೊಂದು ಸಲ ಹೇಳಬಹುದಿತ್ತು. ಎತ್ತಿ ಗಾಡಿಯಲ್ಲಿ ಮಲಗಿಸಬಹುದಿತ್ತು. ಪಟೇಲರನ್ನು ಕರೆದು, ಇವನಿಗೆ ಬಿದ್ದದ್ದು ಮಣ್ಣಿನ ಶಾಪವಲ್ಲ, ನನ್ನ ಕೋಲಿನ ಏಟು ಅಂತ ಹೇಳಿ ಒಯ್ಯಬಹುದಿತ್ತು. ನಾನು ಒಂದೇ ಸಲ ಕರೆದೆ. ಅವನು ಬೇಡ ಅಂದದ್ದು ಕೇಳಿ ನನಗೆ ಹಗುರವಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ಮಾಡಿದವರು ಯಾರು ಅಂತ ಕೇಳುತ್ತಿದ್ದರು. ಇನ್ನು ಒಂಬತ್ತು ದಿನ ಹೇಗಾದರೂ ಉಸಿರು ಹಿಡಿದುಕೊಂಡಿರಪ್ಪಾ ಅಂತ ಬೇಡಿಕೊಂಡೆ. ಬೇಡಿಕೊಂಡದ್ದು ಅವನ ಜೀವಕ್ಕಲ್ಲ, ಬಾವಿಗೆ.

ಹನ್ನೊಂದನೆಯ ದಿನ ಸತ್ತ.

ಮಾರನೆಯ ದಿನವೇ ಪಟೇಲರ ಮನೆಯ ಮುಂದಿನ ಕಣದಲ್ಲಿ ಊರು ಸೇರಿತು. ಮಾತಾಡುವುದಕ್ಕೆ ಏನಿತ್ತು? ಮಣ್ಣು ಹೊತ್ತವನು ಹದಿನೈದು ದಿನದೊಳಗೆ ಸತ್ತಿದ್ದ. ಎಲ್ಲೆ ಸುಳ್ಳು. ವಿಚಿತ್ರವೆಂದರೆ, ಮರ ಕಡಿಸಿದ ಗೌಡರೇ ನಂಬಿಬಿಟ್ಟಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ಪಟೇಲರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ.

"ನಂಗೇ ಅನ್ಮಾನ ಇತ್ತು ಕಣ್ರೀ. ಉಡುಗ್ರು ತಪ್ ಮಾಡುದ್ರಾ ಅಂತ ನಿದ್ದೆ ಬರ್ತಿರ್ನಿಲ್ಲ. ಭೂಮ್ತಾಯಿ ಬಾವಿ ನಮ್ದೇ ಅಂದ್ಬುಟ್ಲು."

ಕಣದ ಅಂಚಿನಲ್ಲಿ, ಅವರಿಗೆ ಗೊತ್ತು ಮಾಡಿದ ದೂರದಲ್ಲಿ, ಕುಳವಾಡಿಯ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಮೀಸೆ ಬಂದ, ಹೆಂಡತಿ ಮಕ್ಕಳಿದ್ದ ಮಗ. ಅಪ್ಪನ ನಂತರ ಕುಳವಾಡಿಕೆ ಅವನಿಗೆ ಬರಬೇಕು. ಎಲ್ಲೆ ಸುಳ್ಳು ನಡೆದವನ ಮನೆಗೆ ಇನ್ನು ಆ ಕೆಲಸವೂ ಇಲ್ಲ, ಕಣದ ರಾಗಿಯೂ ಇಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳು ಕೂತವರನ್ನು ನೋಡದೆ ನೆಲ ನೋಡಿಕೊಂಡು ಮಾತಾಡಿದಳು.

"ನಮ್ಮೋರು ಸುಳ್ಳು ನಡೀನಿಲ್ಲ ಬುದ್ದಿ. ಅವ್ರನ್ನ ಮಣ್ಣು ತಿನ್ನಿಲ್ಲ. ಮಣ್ಣು ಒರೋ ಮುಂಚಿನ್ ದಿನ ಸಾವ್ಕಾರ್ರು ಬಾರ್ಕೋಲ್ನಲ್ಲಿ ತಲೆಗೆ ಒಡುದ್ರು. ಅದಕ್ಕೇ ಸತ್ರು. ಅವ್ರನ್ನೇ ಕೇಳಿ. ಅವ್ರು ಒಂದ್ ಮಾತು ಏಳ್ಬುಟ್ರೆ ಸಾಕು."

ಪಟೇಲರು ನನ್ನ ಕಡೆ ತಿರುಗಿದರು.

"ಏನ್ ಸಾವ್ಕಾರ್ರೇ? ನಿಮ್ ಕೈ ಬಿದ್ದಿತ್ತಾ?"

ಹೌದು ಅಂದರೆ ಅವನು ಸತ್ತದ್ದು ಏಟಿಗೆ, ಎಲ್ಲೆ ನಿಜ, ಬಾವಿ ನನ್ನದು, ಆ ಮನೆಯ ಮಾನ ಉಳಿಯಿತು. ಹೌದು ಅಂದರೆ ಕೊಲೆಯೂ ನನ್ನದು. ಪೊಲೀಸರು, ಜೈಲು, ಗದ್ದುಗೆಯ ಮೇಲೆ ತಲೆ ಬಗ್ಗಿಸಿ ಕೂತ ಅಪ್ಪ. ಇದೆಲ್ಲ ಯೋಚಿಸಿ ತೂಗಿ ಹೇಳಿದೆ ಅಂದರೆ ಅದೂ ಸುಳ್ಳು. ಕೇಳಿದ ತಕ್ಷಣ ಬಾಯಿ ತಾನೇ ಹೇಳಿತು.

"ಇಲ್ಲ. ನಾನು ಆ ದಿನ ಈ ಊರಿಗೇ ಬಂದಿರಲಿಲ್ಲ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಹಿಡಿ ಮಣ್ಣು ತೂರಿ ಶಾಪ ಹಾಕುತ್ತಾಳೆ ಅಂದುಕೊಂಡೆ, ಹಾಕಲಿಲ್ಲ. ಮಗ ಒಂದು ಹೆಜ್ಜೆ ಮುಂದೆ ಇಟ್ಟ. ಗೌಡರ ಇಬ್ಬರು ಮಕ್ಕಳು ಎದ್ದು ಹೋಗಿ ಅವನ ಎದೆಗೆ ಒದ್ದರು. ಸಾವುಕಾರರ ಮೇಲೆ ಸುಳ್ಳು ಹೊರಿಸುತ್ತೀಯೇನೋ ಅಂತ ಬಿದ್ದವನನ್ನು ಮತ್ತೆ ಮತ್ತೆ ಒದ್ದರು. ನನ್ನ ಹಲ್ಲು ಉದುರಿಸಿದ ಅದೇ ಇಬ್ಬರು, ಅಂದು ನನ್ನ ಮಾನ ಕಾಯಲು ಒದ್ದರು. ನಾನು ಕೂತೇ ಇದ್ದೆ. ಅವಳು ಮಗನ ಮೇಲೆ ಬಿದ್ದು ಮೈ ಅಡ್ಡ ಕೊಟ್ಟಳು, ಅವಳಿಗೂ ಬಿದ್ದವು. ಪಟೇಲರು ಕೂಗಿ ಬಿಡಿಸಿದರು.

ಬಾವಿ ಗೌಡರದು ಅಂತ ಆಯಿತು. ಕುಳವಾಡಿಕೆ ಬೇರೆ ಮನೆಗೆ ಹೋಯಿತು. ಆ ಸುಗ್ಗಿಗೆ ಮೊದಲೇ ತಾಯಿ, ಮಗ, ಸೊಸೆ ಊರು ಬಿಟ್ಟರು ಅಂತ ಕೇಳಿದೆ.

ಆ ವರ್ಷ ನಾನು ಸಿಕ್ಕಿದವರಿಗೆಲ್ಲ ಹೊಡೆದೆ. ಗಾಡಿಯವನಿಗೆ ಹೊಡೆದೆ, ಎತ್ತಿಗೆ ಹೊಡೆದೆ. ಬಾವಿ ಹೋಯಿತಲ್ಲ, ಕೋರ್ಟಿಗಾದರೂ ಹೋಗಬಾರದೇ ಅಂತ ಹೆಂಡತಿ ಒಂದು ದಿನ ಕೇಳಿದಳು. ಅವಳಿಗೂ ಹೊಡೆದೆ. ಅವಳು ಕೆನ್ನೆ ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ನನ್ನ ಡಾಬು ಹೋದ್ರೆ ಹೋಗ್ಲಿ ಬಿಡಿ. ನಿಮ್ಗೇನಾಗಿದೆ ಅದ್ನಾರಾ ಹೇಳಿ." ಅವಳಿಗೂ ಹೇಳಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅನ್ನುತ್ತಾರೆ. ನನ್ನದು ಅಷ್ಟು ಸುಲಭದ್ದಲ್ಲ. ನಾನು ಕೊಯ್ದದ್ದು ಇನ್ನೊಬ್ಬನ ಮೂಗು, ಅದು ಅವನು ಸತ್ತ ಮೇಲೆ ಅವನ ಮನೆಯವರಿಗೆ ಬೇಕಾಗಿತ್ತು.

ಎರಡು ವರ್ಷ ಕಳೆದು, ಸರ್ಕಾರದ ಸರ್ವೆಯವರಿಗೆ ಅರ್ಜಿ ಕೊಟ್ಟೆ. ಇದೂ ಹೊಸಬರು ಕಲಿಯಬೇಕಾದ ಪಾಠವೇ: ಮೊದಲು ಸರ್ವೆ, ಆಮೇಲೆ ಹಣ. ನಾನು ಎಲ್ಲವನ್ನೂ ತಲೆಕೆಳಗಾಗಿ ಮಾಡಿದವನು. ಅಟ್ಟ ಮೇಲೆ ಒಲೆ ಉರಿಯಿತು. ಸರ್ವೆಯವನು ನಕ್ಷೆ ಬಿಚ್ಚಿ, ಸರಪಳಿ ಹಿಡಿಸಿ, ಬಡಗಣ ಕಲ್ಲಿನಿಂದ ಅಳೆಯುತ್ತ ಬಂದ. ರಾಗಿ ಕೊಯ್ದ ಕೂಳೆಯ ನಡುವೆ ಒಂದು ಕಡೆ ನಿಂತು, ಇಲ್ಲಿ ಅಗೆಯಿರಿ, ಕಲ್ಲು ನೆಡಬೇಕು ಅಂದ. ಆಳು ಅಗೆದ. ಎರಡು ಮೊಳದ ಆಳದಲ್ಲಿ ಹುಣಸೆಯ ತುಂಡು ಬೇರು ಸಿಕ್ಕಿತು. ಕುಳವಾಡಿ ಕಾಲು ತಟ್ಟಿದ ಜಾಗ. ನಾನು ಬದುವಿನ ಮೇಲೆ ಕೂತೆ. ಅವನು ಏಟಿಗೆ ಹೆದರಿ ನನ್ನ ಕಡೆ ನಡೆದದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ನಡೆದಿದ್ದ ಅನ್ನುವುದು ಆವತ್ತು ಎದೆಗೆ ತಾಗಿತು.

ಕಾಗದದ ಪ್ರಕಾರ ಬಾವಿ ನನಗೆ ಬಂತು. ಗೌಡರ ಮಕ್ಕಳು ಪೊಲೀಸರ ಮುಂದೆ ಬೇಲಿ ಕಿತ್ತರು, ಮತ್ತೆ ಎರಡು ಕಡೆಯೂ ಕಲ್ಲು ಹಾರಿದವು, ನನ್ನ ಹುಬ್ಬು ಸೀಳಿತು. ಊರು ಮಾತ್ರ ಸರಪಳಿಯನ್ನು ನಂಬಲಿಲ್ಲ. ಸಾವುಕಾರ ಸರ್ವೆಯವನಿಗೆ ತಿನ್ನಿಸಿದ, ಕುಳವಾಡಿಗೂ ತಿನ್ನಿಸಿದ್ದ, ತಿಂದದ್ದಕ್ಕೆ ಭೂಮಿತಾಯಿ ಅವನನ್ನು ಬಿಡಲಿಲ್ಲ ಅಂದಿತು. ಬೇರು ತೋರಿಸಿದರೆ, ಯಾವ ಮರದ್ದೋ ಏನೋ ಅಂದರು.

ಆಮೇಲೆ ಯುದ್ಧ ಬಂತು. ಕೊಬ್ಬರಿಗೆ ಬೆಲೆ ಏರಿತು, ತೆಂಗಿನ ತೋಟಕ್ಕೆ ಅದಕ್ಕಿಂತ ಏರಿತು. ಹೊಳೆನರಸೀಪುರದ ಒಬ್ಬರು ನಾನು ಕನಸಿನಲ್ಲೂ ಎಣಿಸದ ಬೆಲೆಗೆ ಕೇಳಿದರು. ಮಾರುವ ಮುಂಚೆ ಕುಳವಾಡಿಯ ಹೆಂಡತಿಯನ್ನು ಹುಡುಕಿದೆ. ಕಟ್ಟಾಯದ ಕಡೆ ರಸ್ತೆ ಕೆಲಸದಲ್ಲಿದ್ದಾಳೆ ಅಂತ ಗೊತ್ತಾಯಿತು. ಹೋದಾಗ ರಸ್ತೆಯ ಅಂಚಿನಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದಳು. ಕೈಗೆ ಚಿಂದಿ ಸುತ್ತಿಕೊಂಡಿದ್ದಳು. ನನ್ನ ಗುರುತು ಹಿಡಿದಳು, ಏಳಲಿಲ್ಲ.

"ಸರ್ವೆ ಆಯ್ತು. ನಿನ್ನ ಗಂಡ ನಡೆದ ಜಾಗದಲ್ಲೇ ಕಲ್ಲು ಬಿತ್ತು," ಅಂದೆ.

"ನಂಗೊತ್ತಿತ್ತಲ್ಲ ಬುದ್ದಿ." ಒಂದು ಕಲ್ಲು ಒಡೆದಳು. "ಊರೋರು ಏನಂದ್ರು?"

"ಲಂಚ ಕೊಟ್ಟೆ ಅಂತಾರೆ."

"ನೀವೇನಂದ್ರಿ?"

ಸೊಂಟದಲ್ಲಿ ಅವಳಿಗೆಂದು ತಂದ ಹಣದ ಚೀಲ ಇತ್ತು, ಅದನ್ನು ತೆಗೆಯುವುದಕ್ಕೆ ಕೈ ಹೋಯಿತು. ಅವಳು ಅದನ್ನು ನೋಡಿದಳು.

"ಅಂಗಾರೆ ನಮ್ಮೋರು ಇನ್ನೂ ಸುಳ್ಳುಗಾರ್ರೇ," ಅಂದಳು. "ಅದು ಬ್ಯಾಡಿ ಬುದ್ದಿ. ಓಗಿ ಊರ್ನಾಗೆ ಏಳಿ. ಅಷ್ಟೇಯ."

ಹೇಳುತ್ತೇನೆ ಅಂದೆ. ಅವಳು ಇನ್ನೊಂದು ಕಲ್ಲು ಎಳೆದುಕೊಂಡಳು. ಬರುವ ದಾರಿಯಲ್ಲಿ ಆ ಊರಿನ ತಿರುವು ಸಿಕ್ಕಿತು. ಎತ್ತು ತಾನೇ ಹಳೆಯ ಅಭ್ಯಾಸಕ್ಕೆ ಆ ಕಡೆ ಕತ್ತು ತಿರುಗಿಸಿತು, ನಾನು ಹಗ್ಗ ಜಗ್ಗಿ ನೆಟ್ಟಗೆ ಹೊಡೆದೆ.

ಮುಂದಿನ ವಾರ ಹೊಳೆನರಸೀಪುರದ ಕಚೇರಿಯಲ್ಲಿ ಕ್ರಯಪತ್ರ ಆಯಿತು. ಕೊಳ್ಳುವವರು ಹೊಸಬರು, ಮೊದಲ ಜಮೀನು. ಊರಿನಲ್ಲಿ ಏನೋ ಎಲ್ಲೆಯ ತಕರಾರು ಇತ್ತಂತೆ, ಕುಳವಾಡಿ ಸುಳ್ಳು ನಡೆದು ಸತ್ತನಂತೆ, ನಿಜವೇ ಅಂತ ಕೇಳಿದರು. ರುಜು ಬೀಳುವುದು ನನ್ನ ಆ ಒಂದು ಮಾತಿನ ಮೇಲೆ ನಿಂತಿತ್ತು. ಕೂಡಲೇ ಹೇಳಿದೆ. ಅವನು ಸುಳ್ಳು ನಡೆಯಲಿಲ್ಲ, ಅವನು ತೋರಿಸಿದ ಎಲ್ಲೆಯಲ್ಲಿ ಒಂದು ಗೇಣೂ ತಪ್ಪಿಲ್ಲ, ಕಣ್ಣು ಮುಚ್ಚಿ ನಂಬಬಹುದು ಅಂದೆ. ಅವರು ನಂಬಿ ರುಜು ಹಾಕಿದರು. ಆ ಹಣದಲ್ಲಿ ಹಾಸನದ ಮೊದಲ ಮನೆ ಕೊಂಡೆ.